ಓಕ್ ಕಾಡಿನ ಒಂಟಿ ಹಕ್ಕಿ

ಹಾರ್ಮೆನ್ನನಿಗೆ ನೆಗಡಿಯಾಗಿರದಿದ್ದರೆ ಆ ದಿನ ಏನೂ ಆಗುತ್ತಿರಲಿಲ್ಲ.

ಐಸೆಲ್ ನದಿಯ ದಂಡೆಯ ಆ ಪುಟ್ಟ ಊರಿನ ಮ್ಯೂಸಿಯಂನಲ್ಲಿ ಅವನು ಕಾವಲುಗಾರ. ಕಾಯಬೇಕಾದದ್ದು ಒಂದೇ ಕೋಣೆ, ಆ ಕೋಣೆಯಲ್ಲಿದ್ದದ್ದು ಒಂದೇ ಚಿತ್ರ. ಮುನ್ನೂರೈವತ್ತು ವರ್ಷಗಳ ಹಿಂದೆ ಲೂಬರ್ಟ್ ಫಾನ್ ಎಸೆನ್ ಬರೆದ ಓಕ್ ಮರಗಳ ಕಾಡು ಅದು. ಕಪ್ಪಗೆ ಒತ್ತಿಕೊಂಡು ನಿಂತ ಮರಗಳು, ಕೆಸರಿನ ದಾರಿ, ಸಿಡಿಲು ಬಡಿದು ಸೀಳಿದ ಒಂದು ಬೊಡ್ಡೆ, ಮೇಲೆ ಈಗಲೋ ಆಗಲೋ ಸುರಿಯುವಂಥ ಮೋಡ. ಆ ಮೋಡದ ಬೆಳ್ಳನೆಯ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಒಂದು ಹಕ್ಕಿ.

ಊರಿಗೆ ಹೆಸರು ಬಂದದ್ದೇ ಆ ಹಕ್ಕಿಯಿಂದ. ಮ್ಯೂಸಿಯಂನ ನಿರ್ದೇಶಕ ಕ್ರೂಸಮನ್ ಸಾಹೇಬರು ಅದರ ಮೇಲೆ ಇಟ್ಟಿಗೆಯಂಥ ಪುಸ್ತಕ ಬರೆದಿದ್ದರು. ಹೆಂಡತಿ ಸತ್ತ ದುಃಖದಲ್ಲಿ ಕಲಾವಿದ ತನ್ನ ಆತ್ಮವನ್ನೇ ಹಕ್ಕಿಯಾಗಿಸಿ ಕಾಡಿನ ಮೇಲೆ ಹಾರಬಿಟ್ಟನೆಂದು ಅವರ ವಾದ. ಓದಿದವರು ಅತ್ತಿದ್ದರು. ಆಮೇಲೆ ಮ್ಯೂಸಿಯಂನ ಬಟ್ಟಲಿನ ಮೇಲೆ ಹಕ್ಕಿ, ಕೊಡೆಯ ಮೇಲೆ ಹಕ್ಕಿ, ಮೂಲೆಯ ಬೇಕರಿಯಲ್ಲಿ ಹಕ್ಕಿ ಬಿಸ್ಕತ್ತು.

ಆ ದಿನ ಮಧ್ಯಾಹ್ನ ಆಮ್‌ಸ್ಟರ್‌ಡ್ಯಾಮಿನಿಂದ ಯೋಸೀನ್ ತೆರ್ ಹಾರ್ ಎಂಬ ದೊಡ್ಡ ವಿದ್ವಾಂಸೆ ಬರುವವರಿದ್ದರು. "ನಿಮ್ಮ ಹಕ್ಕಿ ಬಗ್ಗೆ ಒಂದು ವಿಷಯ ಗೊತ್ತಾಗಿದೆ, ಎದುರಿಗೇ ಹೇಳ್ತೀನಿ" ಎಂದು ಅವರು ಫೋನಿನಲ್ಲಿ ಹೇಳಿದ್ದೇ ತಡ, ಸಾಹೇಬರು ಬೆಳಗ್ಗೆಯಿಂದ ನೆಲಕ್ಕೆ ಕಾಲು ತಾಗಿಸಿರಲಿಲ್ಲ.

ಮಧ್ಯಾಹ್ನ ಹತ್ತಿರವಾಗಿತ್ತು. ಎಲ್ಲಿಂದಲೋ ಬಂದ ಒಂದು ನೊಣ ಚೌಕಟ್ಟಿನ ಮೇಲೆ ಕೂತು ಕೈ ಉಜ್ಜಿಕೊಂಡಿತು. ಆಮೇಲೆ ಮೆಲ್ಲಗೆ ಮೋಡದ ಮೇಲೆ ನಡೆದು ಹಕ್ಕಿಯ ಪಕ್ಕದಲ್ಲೇ ನಿಂತಿತು. ಹಾರ್ಮೆನ್ "ಉಶ್" ಎಂದ. ಊದಿದ. ನೊಣ ಕದಲಲಿಲ್ಲ. ಅವನು ಚಿತ್ರದ ಮುಂದೆ ಅಡ್ಡ ಕಟ್ಟಿದ್ದ ಹಗ್ಗ ದಾಟಿ, ಕೈಯಲ್ಲಿದ್ದ ಕರವಸ್ತ್ರವನ್ನು ಬೀಸಿದ. ಬೆಳಗ್ಗೆಯಿಂದ ಮೂಗು ಒರೆಸಿ ಒರೆಸಿ ಒದ್ದೆ ತೊಪ್ಪೆಯಾಗಿದ್ದ ಕರವಸ್ತ್ರ ಅದು. ಅದರ ತುದಿ ಮೋಡಕ್ಕೆ ಸವರಿಕೊಂಡು ಹೋಯಿತು.

ನೊಣ ಹಾರಿತು. ಹಕ್ಕಿಯೂ ಹಾರಿತು.

ಹಾರ್ಮೆನ್ ಕಣ್ಣುಜ್ಜಿಕೊಂಡು ನೋಡಿದ. ಮೋಡ ಖಾಲಿ. ಕರವಸ್ತ್ರ ಬಿಡಿಸಿ ನೋಡಿದರೆ ಅಲ್ಲೊಂದು ಕಪ್ಪು ಗೀರು. ಮೂವತ್ತು ವರ್ಷದ ನೌಕರಿ. ಪಿಂಚಣಿ ಕೈಗೆಟುಕುವಷ್ಟು ಹತ್ತಿರ ಬಂದಿತ್ತು. ಫಾನ್ ಎಸೆನ್ನನ ಆತ್ಮ ಈಗ ಅವನ ಮೂಗಿನ ಬಟ್ಟೆಯಲ್ಲಿತ್ತು.

ಮೊದಲು ಬಂದವನು ಟಿಕೆಟ್ ಕೌಂಟರಿನ ಬೆರೆಂಡ್. ಜಗತ್ತಿನ ಎಲ್ಲ ಕೆಟ್ಟ ಸುದ್ದಿಯೂ ಅವನಿಗೆ ಬಾಯಿಪಾಠ.

"ಏನೋ ಹಾರ್ಮೆನ್, ಸುಣ್ಣ ಬಳಿದ ಗೋಡೆ ಥರಾ ಆಗಿದ್ದೀಯ?"

ಹಾರ್ಮೆನ್ ಮೋಡ ತೋರಿಸಿದ. ಬೆರೆಂಡ್ ಬಗ್ಗಿ ನೋಡಿದ, ಎದ್ದು ನೋಡಿದ, ಟೊಪ್ಪಿ ತೆಗೆದ.

"ಹೋಯ್ತು ಬಿಡು ನಿನ್ ಕತೆ. ಬೆಲ್ಜಿಯಮ್ಮಲ್ಲಿ ಒಬ್ಬ ಬರೀ ಚೌಕಟ್ಟಿಗೆ ಒರಗಿ ನಿಂತಿದ್ನಂತೆ, ಅಷ್ಟಕ್ಕೇ ಮನೆ ಮಾರಿಸಿದ್ರು. ನೀನು ಹಕ್ಕೀನೇ ಕೊಂದಿದ್ದೀಯ."

"ಮೆಲ್ಲಗೆ ಮಾತಾಡೋ ಮಾರಾಯ!"

"ಜೈಲಲ್ಲಿ ಊಟ ಚೆನ್ನಾಗೇ ಇರುತ್ತಂತೆ. ಗುರುವಾರ ಬಟಾಣಿ ಸಾರು."

ಸದ್ದು ಕೇಳಿ ಕೆಫೆಯ ಹಿಲ್ಲಿ ಏಪ್ರನ್ನಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದಳು. ದಪ್ಪ ಹೆಂಗಸು, ದೊಡ್ಡ ಮನಸ್ಸು, ಕಣ್ಣಿಗೆ ಯಾವಾಗಲೂ ಢಾಳಾಗಿ ಬಣ್ಣ. ವಿಷಯ ತಿಳಿದು ಬೆರೆಂಡನ ಬೆನ್ನಿಗೊಂದು ಗುದ್ದಿದಳು. "ಹೆದರಿದವನನ್ನ ಇನ್ನೂ ಹೆದರಿಸ್ತೀಯಲ್ಲೋ, ಪಾಪಿ! ಒಂದು ಚುಕ್ಕೆ ತಾನೇ? ಹೋಗಿದ್ದನ್ನ ಮತ್ತೆ ಇಟ್ರಾಯ್ತು."

"ಇಡೋದಾ?" ಹಾರ್ಮೆನ್ನನ ಧ್ವನಿ ಕೀರಲಾಯಿತು. "ಮಹಾನ್ ಕಲಾವಿದನ ಚಿತ್ರದ ಮೇಲೆ?"

"ಅಳಿಸೋವಾಗ ಮಹಾನ್ ಕಲಾವಿದ ನೆನಪಾಗ್ಲಿಲ್ವಾ?"

ಅಷ್ಟರಲ್ಲಿ ಮೆಟ್ಟಿಲ ಮೇಲೆ ಕೋಲಿನ ಟಕಟಕ ಕೇಳಿಸಿತು. ಪ್ರತಿದಿನ ಹಕ್ಕಿಯನ್ನು ನೋಡಿಯೇ ಪೇಟೆಗೆ ಹೋಗುವ ಮುದುಕಿ ಫೆನ್ನಾ. ಬೆರೆಂಡ್, ಹಿಲ್ಲಿ ಇಬ್ಬರೂ ಪಕ್ಕದ ಬಾಗಿಲಲ್ಲಿ ಮಾಯವಾದರು. ಹಾರ್ಮೆನ್ ಚಿತ್ರದ ಮುಂದೆ ಗಾಳಿಯಂತ್ರದ ರೆಕ್ಕೆಯ ಹಾಗೆ ಎರಡೂ ಕೈ ಚಾಚಿ ನಿಂತ.

"ಪಕ್ಕಕ್ಕೆ ಹೋಗಪ್ಪ, ನನ್ ಹಕ್ಕಿ ನೋಡ್ಬೇಕು."

"ಇವತ್ತು ಬೇಡ ಅಜ್ಜಿ. ಬೆಳಕು ಸರಿ ಇಲ್ಲ."

"ನೀನು ಸರಿದ್ರೆ ಬೆಳಕು ಬರುತ್ತೆ" ಎಂದು ಅವಳು ಕೋಲಿನಿಂದ ಅವನ ಮಂಡಿಗೆ ತಿವಿದು, ಕತ್ತು ಚಾಚಿ ನೋಡಿದಳು. ನೋಡಿದಳು, ಕನ್ನಡಕ ತೆಗೆದು ಒರೆಸಿದಳು, ಮತ್ತೆ ನೋಡಿದಳು. "ಕಾಣಿಸ್ತಾ ಇಲ್ಲ ಕಣಪ್ಪ. ನಮ್ಮಮ್ಮಂಗೂ ಹೀಗೇ ಆಗಿತ್ತು, ಮೊದಲು ಚಿಕ್ಕಚಿಕ್ಕದೆಲ್ಲ ಕಾಣಿಸದೆ ಹೋಯ್ತು. ನಿನಗೆ ಕಾಣಿಸ್ತಿದೆ ತಾನೇ?"

ಹಾರ್ಮೆನ್ ನೆಲ ನೋಡಿದ. "ಕಾಣಿಸ್ತಿದೆ ಅಜ್ಜಿ" ಎಂದ.

"ಹಾಗಾದ್ರೆ ಕಣ್ಣೇ ಹೋಯ್ತು" ಎಂದು ಅವಳು ಅಲ್ಲಿಂದ ನೇರವಾಗಿ ಕಣ್ಣಿನ ಡಾಕ್ಟರ ಬಳಿಗೆ ಹೊರಟಳು. ಹಾರ್ಮೆನ್ನನ ಲೆಕ್ಕಕ್ಕೆ ಇನ್ನೊಂದು ಪಾಪ ಸೇರಿತು.

ಹಿಲ್ಲಿ ತಡಮಾಡಲಿಲ್ಲ. ಮೊದಲು ಒಂದು ಕಡ್ಡಿಯಲ್ಲಿ ಗಟ್ಟಿ ಕಾಫಿ ಅದ್ದಿ ತಂದು ಮೋಡದ ಮೇಲೆ ಒಂದು ಚುಕ್ಕೆ ಇಟ್ಟಳು. ಚುಕ್ಕೆ ಒಂದು ಗಳಿಗೆ ಹಕ್ಕಿಯಂತೆಯೇ ಕೂತಿತ್ತು. ಆಮೇಲೆ ಬಾಲ ಬಿಟ್ಟಿತು. ಬಾಲ ಉದ್ದವಾಗುತ್ತ ಆಗುತ್ತ ಓಕ್ ಮರದ ನೆತ್ತಿಯ ಕಡೆಗೆ ಇಳಿಯಿತು. "ಹಾವು! ಹಾವಾಯ್ತು!" ಎಂದು ಹಾರ್ಮೆನ್ ಬಾಯಿಗೆ ಮುಷ್ಟಿ ತುರುಕಿಕೊಂಡ. ಅವಳು ಬ್ರೆಡ್ಡಿನ ತಿರುಳಿನಿಂದ ಅದನ್ನು ಒತ್ತಿ ತೆಗೆದಳು. ಬೆರೆಂಡ್ ಪೆನ್ಸಿಲಿನಲ್ಲಿ ಪ್ರಯತ್ನಿಸಿದ. ಅವನ ಹಕ್ಕಿ ದೀಪದ ಬೆಳಕಿಗೆ ಮೀನಿನ ಹಾಗೆ ಥಳಥಳ ಹೊಳೆಯಿತು. ಅದನ್ನೂ ಬ್ರೆಡ್ಡು ನುಂಗಿತು.

ಕೆಳಗಿನಿಂದ ಸಾಹೇಬರ ನಗು ಕೇಳಿಸಿತು, ಜೊತೆಗೊಂದು ಹೆಣ್ಣಿನ ಧ್ವನಿ.

"ಬಂದೇ ಬಿಟ್ರು!" ಹಾರ್ಮೆನ್ ಬಾಗಿಲ ಕಡೆಗೆ ಹೊರಟ. "ನಾನೇ ಹೋಗಿ ಒಪ್ಕೊಂಡ್ಬಿಡ್ತೀನಿ."

"ಸುಮ್ನೆ ನಿಂತ್ಕೊ!" ಹಿಲ್ಲಿ ಏಪ್ರನ್ನಿನ ಜೇಬಿನಿಂದ ರೆಪ್ಪೆಗೆ ಹಚ್ಚುವ ಮಸ್ಕಾರ ತೆಗೆದು, ಉಸಿರು ಬಿಗಿಹಿಡಿದು, ಕುಂಚದ ತುದಿಯಿಂದ ಮೋಡದ ಅಂಚಿಗೆ ಒಂದೇ ಒಂದು ಸಲ ಮುಟ್ಟಿಸಿದಳು. ಸಾಸಿವೆಯಷ್ಟು. ಪಕ್ಕಕ್ಕೊಂದು ಸಣ್ಣ ರೆಕ್ಕೆ ಕೂಡ.

ಮೂವರೂ ಹಿಂದೆ ಸರಿದು ನೋಡಿದರು. ಅದೇ ಹಕ್ಕಿ. ಅದೇ ದುಃಖ. ಬೆರೆಂಡನ ಕಣ್ಣಲ್ಲೂ ನೀರಾಡಿತು.

ಸಾಹೇಬರು ಒಳಗೆ ಬಂದಾಗ ಹಾರ್ಮೆನ್ ತನ್ನ ಜಾಗದಲ್ಲಿ ಕಂಬದಂತೆ ನಿಂತಿದ್ದ. ಹಿಲ್ಲಿ ಕಾಫಿಯ ತಟ್ಟೆ ಹಿಡಿದುಕೊಂಡು ಕಿಟಕಿಯ ಬಳಿ ನಿಂತಿದ್ದಳು. ಬೆರೆಂಡ್ ಬಾಗಿಲ ಹಿಂದೆ ಇದ್ದ. ಯೋಸೀನ್ ಅವರು ತೆಳ್ಳಗಿನ, ಮೆದು ಮಾತಿನ ಹೆಂಗಸು. ಹಗ್ಗ ದಾಟಿ, ಕಣ್ಣಿಗೆ ಭೂತಗನ್ನಡಿ ಹಿಡಿದು, ಮೋಡದ ಹತ್ತಿರಕ್ಕೆ ಮುಖ ಒಯ್ದು ಬಹಳ ಹೊತ್ತು ನಿಂತರು. ಹಾರ್ಮೆನ್ ಕರವಸ್ತ್ರವನ್ನು ಜೇಬಿನ ಆಳಕ್ಕೆ ತುರುಕಿದ.

"ಹೇಳಿ ಮೇಡಂ," ಎಂದರು ಸಾಹೇಬರು, ಮದುವೆ ಗಂಡಿನ ಹಾಗೆ ಕೈ ಹೊಸೆಯುತ್ತ. "ಹಕ್ಕಿಯ ವಿಷಯ."

"ಬೇಜಾರು ಮಾಡ್ಕೋಬೇಡಿ ಕ್ರೂಸಮನ್." ಅವರು ಚೀಲದಿಂದ ಒಂದು ಹಳೆಯ ಕಪ್ಪುಬಿಳುಪು ಫೋಟೋ ತೆಗೆದರು. "ಚಿತ್ರ ನಿಮ್ಮ ಮ್ಯೂಸಿಯಂಗೆ ಬರೋ ಮುಂಚೆ ತೆಗೆದಿದ್ದು. ಮೋಡ ನೋಡಿ. ಹಕ್ಕಿ ಇದೆಯಾ?"

ಸಾಹೇಬರು ನೋಡಿದರು. ಇರಲಿಲ್ಲ.

"ಅಂದ್ರೆ ಕಲಾವಿದ ಬರೆದದ್ದಲ್ಲ. ಇಲ್ಲಿಗೆ ಬಂದ ಮೇಲೆ ಅಂಟಿದ್ದು." ಅವರು ತಂದಿದ್ದ ಹತ್ತಿಯ ಕಡ್ಡಿಯನ್ನು ನೀರಿಗೆ ಅದ್ದಿ, ಸಾಹೇಬರು "ಅಯ್ಯೋ" ಎನ್ನುವುದರೊಳಗೆ ಹಕ್ಕಿಯನ್ನು ಮೆಲ್ಲಗೆ ಒರೆಸಿಯೇ ಬಿಟ್ಟರು. ಹಕ್ಕಿ ಹತ್ತಿಗೆ ಬಂತು. "ನೋಡಿ. ನೊಣದ ಹಿಕ್ಕೆ."

ಹಾರ್ಮೆನ್ನನಿಗೆ ಚರ್ಚಿನ ಗಂಟೆಗಳೆಲ್ಲ ಒಟ್ಟಿಗೆ ಬಾರಿಸಿದಂತಾಯಿತು. ನೊಣದ ಹಿಕ್ಕೆ! ತಾನು ಒರೆಸಿದ್ದು ಬರೀ ಹಿಕ್ಕೆ! ಜೈಲಿಲ್ಲ, ಬಟಾಣಿ ಸಾರಿಲ್ಲ. ಓಡಿಹೋಗಿ ಆ ತೆಳ್ಳಗಿನ ಹೆಂಗಸಿನ ಕಾಲು ಹಿಡಿಯಬೇಕೆನ್ನಿಸಿತು ಅವನಿಗೆ.

"ಆದ್ರೂ ವಿಚಿತ್ರ," ಎಂದು ಯೋಸೀನ್ ಹತ್ತಿಯನ್ನು ತಿರುಗಿಸಿ ನೋಡಿದರು. "ಹಳೇದಾಗಿದ್ರೆ ಒಣಗಿರ್ಬೇಕಿತ್ತು. ಇದು ತೀರಾ ಹಸಿ."

ಹಿಲ್ಲಿ ಕಾಫಿಯ ತಟ್ಟೆಯನ್ನು ಏಪ್ರನ್ನಿನ ಜೇಬಿಗೆ ಅಡ್ಡ ಹಿಡಿದಳು.

ಸಾಹೇಬರು ನಿಧಾನವಾಗಿ ತಿರುಗಿದರು. ಪುಸ್ತಕ ಹೋಗಿತ್ತು, ಬಟ್ಟಲು ಹೋಗಿತ್ತು, ಕೊಡೆ ಹೋಗಿತ್ತು. ಉಳಿದಿದ್ದವನು ಎದುರಿಗಿದ್ದ ಕಾವಲುಗಾರ ಒಬ್ಬನೇ.

"ಹಸಿಯಂತೆ. ಅಂದ್ರೆ ನೊಣ ಇವತ್ತೂ ಬಂದಿತ್ತು. ದಿನಾ ಬರುತ್ತೆ. ಬಂದು ನಿನ್ನ ಮುಂದೇನೇ ಕೂತು, ಕೆಲಸ ಮುಗಿಸಿ ಹೋಗುತ್ತೆ. ಅಲ್ವಾ ಹಾರ್ಮೆನ್?"

"ಸಾರ್, ನಾನು..."

"ಮೂವತ್ತು ವರ್ಷ! ಆ ಮೋಡದ ಎದುರಿಗೇ ನಿಂತಿದ್ದೀಯ. ನೀನು ಕಾದಿದ್ದು ನೊಣದ ಕಕ್ಕಸನ್ನ! ಅದನ್ನ ನಂಬಿ ನಾನು ಪುಸ್ತಕ ಬರೆದೆ, ಜನ ಅತ್ತರು!" "ನಾಳೆಯಿಂದ ಈ ಕೋಣೆಗೆ ಕಾಲಿಡಬೇಡ. ನೆಲಮಾಳಿಗೆಗೆ ಹೋಗಿ, ನೋಡೋಕೆ ಬಂದವರ ಕೋಟು ಇಸ್ಕೊಂಡು ಟೋಕನ್ ಕೊಡು. ಪಿಂಚಣಿ ವಿಷಯ ಆಡಳಿತ ಮಂಡಳಿ ಮುಂದೆ ಇಡ್ತೀನಿ."

ಅವರು ಬಾಗಿಲವರೆಗೆ ಹೋದವರು ತಡೆಯಲಾರದೆ ವಾಪಸು ಬಂದರು, ಹಾರ್ಮೆನ್ನನ ಮುಖಕ್ಕೆ ಮುಖ ಕೊಟ್ಟು ನಿಂತರು.

"ಇಷ್ಟು ವರ್ಷದಲ್ಲಿ ಒಂದು ಸಲ, ಒಂದೇ ಒಂದು ಸಲ, ಒಂದು ಬಟ್ಟೆ ತಗೊಂಡು ಅದನ್ನ ಒರೆಸಿಬಿಡೋಣ ಅಂತ ನಿನಗೆ ಅನ್ನಿಸಲೇ ಇಲ್ವೇನೋ?"

ಹಾರ್ಮೆನ್ ಬಾಯಿ ತೆರೆದ. ಸಾಹೇಬರ ಹೆಗಲ ಆಚೆ ಹಿಲ್ಲಿ, ಕಪ್ಪು ಬಳಿದ ರೆಪ್ಪೆಗಳನ್ನು ಪಟಪಟ ಬಡಿಯುತ್ತ, ಬೇಡ ಬೇಡ ಎಂದು ತಲೆ ಅಲ್ಲಾಡಿಸುತ್ತಿದ್ದಳು.

"ಇಲ್ಲ ಸಾರ್" ಎಂದ ಹಾರ್ಮೆನ್. "ಅನ್ನಿಸಲೇ ಇಲ್ಲ."