ಎಲ್ಲವನ್ನೂ ಯೋಜಿಸಲಾಗಿದೆ

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ನಾನು ಗುಮಾಸ್ತನಾಗಿದ್ದ ಮಡಿಕೇರಿಯ ಕಚೇರಿಗೆ ಬರುವ ಕಾಗದಗಳಲ್ಲೆಲ್ಲ ‘ಯೋಜಿಸು’ ಎಂಬ ಗಂಭೀರ ಕ್ರಿಯಾಪದವೊಂದು ತುಂಬಿಕೊಂಡಿತು. ರಸ್ತೆಯನ್ನು ಯೋಜಿಸಲಾಗಿತ್ತು, ಸೇತುವೆಯನ್ನು ಯೋಜಿಸಲಾಗಿತ್ತು. ಮುಂದೆ ಮಾಡಬೇಕಾದುದನ್ನು ಮೊದಲೇ ಆಲೋಚಿಸಿಡುವುದು ಎಂದು ಅದರ ಅರ್ಥ. ಅರ್ಥ ನನಗೆ ಚೆನ್ನಾಗಿಯೇ ಗೊತ್ತಿತ್ತು. ಬಳಕೆಯಲ್ಲಿ ಕೆಟ್ಟೆ!

ಮಗಳು ಜಾನಕಿಯ ಮದುವೆ, ಭಾಗಮಂಡಲದ ಹತ್ತಿರದ ನಮ್ಮ ಮನೆಯಲ್ಲೇ ಎಂದು ನಿಶ್ಚಯವಾಯಿತು. ನಮ್ಮೂರಿನಲ್ಲಿ ಮದುವೆಯೆಂದರೆ ಯಜಮಾನ ಮನೆಮನೆಗೂ ಹೋಗಿ, ಜಗಲಿಯಲ್ಲಿ ಕುಳಿತು, ಕೊಟ್ಟ ಬೆಲ್ಲದ ಕಾಫಿ ಕುಡಿದು, “ನೀವೇ ಬಂದು ನಡೆಸಿಕೊಡಬೇಕು” ಎಂದು ಬಾಯಿಬಿಟ್ಟು ಕರೆಯಬೇಕು. ಕರೆದರೆ ಮುನ್ನಾದಿನವೇ ಊರವರೆಲ್ಲ ಬಂದು ಚಪ್ಪರ ಹಾಕಿ, ತರಕಾರಿ ಹೆಚ್ಚಿ, ಅಡುಗೆಗೂ ನಿಲ್ಲುತ್ತಾರೆ. ಆದರೆ ಇಪ್ಪತ್ತು ಮನೆ, ಇಪ್ಪತ್ತು ಲೋಟ ಕಾಫಿ! ಸುಧಾರಿಸಿದ ಮನುಷ್ಯನಾದ ನಾನು ಒಂದು ಸುತ್ತೋಲೆ ಬರೆದೆ: “ಚಪ್ಪರ, ಅಡುಗೆ, ನೀರು ಇತ್ಯಾದಿ ಸಮಸ್ತವನ್ನೂ ಯೋಜಿಸಲಾಗಿದೆ. ತಾವು ಮುಹೂರ್ತಕ್ಕೆ ದಯಮಾಡಿಸುವುದು.” ಇಪ್ಪತ್ತು ಪ್ರತಿ ಮಾಡಿ ಅಂಚೆಗೆ ಹಾಕಿದೆ.

“ಊರವರಿಗೆ ಹೇಳಿ ಆಯ್ತಾ?” ಎಂದು ಹೆಂಡತಿ ಸೀತಮ್ಮ ಕೇಳಿದಳು.

“ಅದನ್ನೂ ಯೋಜಿಸಲಾಗಿದೆ.”

ಪಾಪ, ನಂಬಿದಳು.

ಮದುವೆಯ ಮುನ್ನಾದಿನ ಬೆಳಗಾಯಿತು. ಅಂಗಳದಲ್ಲಿ ಬಿದಿರು ಮಲಗಿತ್ತು, ಕುಂಬಳಕಾಯಿ ಗುಡ್ಡೆ ಬಿದ್ದಿತ್ತು. ಒಂದು ನರಪಿಳ್ಳೆಯೂ ಇಲ್ಲ! ಹತ್ತು ಗಂಟೆಯವರೆಗೆ ನಾನು ದಾರಿ ನೋಡಿದೆ. ಸೀತಮ್ಮ ನನ್ನನ್ನು ನೋಡಿದಳು. ಆಮೇಲೆ ಜಾನಕಿ ಹೊಸ್ತಿಲಲ್ಲಿ ನಿಂತು, “ಅಪ್ಪ, ನಾಳೆ ಹುದಿಕೇರಿಯಿಂದ ಗಂಡಿನ ದಿಬ್ಬಣ ಬಂದ್ರೆ ಎಲ್ಲಿ ಕೂರಿಸೋದು?” ಎಂದಳು. ಅಳು ಅವಳ ಕಣ್ಣಂಚಿನಲ್ಲಿತ್ತು.

ಓಡಿದೆ. ಪಕ್ಕದ ಮನೆಯ ಬೆಳ್ಯಪ್ಪಣ್ಣ ಕತ್ತಿ ಮಸೆದಿಟ್ಟುಕೊಂಡು ಜಗಲಿಯಲ್ಲೇ ಕುಳಿತಿದ್ದರು.

“ಎಂತ ಅಣ್ಣ, ಬರ್ಲಿಲ್ಲ?”

“ಎಂತಕ್ಕೆ ಬರೋದು ಮಾರಾಯ? ಎಲ್ಲ ಆಗಿಯುಂಟು ಅಂತ ನಿನ್ನ ಕಾಗದ ಹೇಳ್ತದೆ. ಮಡಿಕೇರಿಯಿಂದ ಆಳು ಕರ್ಸಿದ್ದಾನೆ, ನಾವು ಬೇಡವಾದೆವು ಅಂತ ಊರೇ ಸುಮ್ಮನೆ ಕೂತುಂಟು.”

“ಒಬ್ಬ ಆಳೂ ಇಲ್ಲ ಅಣ್ಣ. ಯೋಜಿಸಿದ್ದಷ್ಟೇ. ಮಾಡಿದ್ದು ಏನೂ ಇಲ್ಲ.”

“ಹಾಗಾದ್ರೆ ಬಾಯಿಬಿಟ್ಟು ಕರಿ!”

“ನೀವೇ ಬಂದು ನಡೆಸಿಕೊಡ್ಬೇಕು” ಎಂದೆ. ಅವರು ಆಗಲೇ ಕತ್ತಿ ಹಿಡಿದು ಅಂಗಳಕ್ಕೆ ಇಳಿದಿದ್ದರು. ಅವರ ಹೆಂಡತಿ ಲೋಟ ತಂದು ನನ್ನ ಮುಂದಿಟ್ಟು, “ಕುಡಿದು ಎದ್ದೇಳು. ಇನ್ನೂ ಹತ್ತೊಂಬತ್ತು ಮನೆ ಉಂಟು” ಎಂದರು.

ಯಾವ ಮನೆಯವರೂ ಒಂದು ಕೊಂಕು ಮಾತು ಆಡಲಿಲ್ಲ. ಕಾಫಿ ಕುಡಿಸದೆ ಬಿಡಲೂ ಇಲ್ಲ. ಇಪ್ಪತ್ತನೆಯ ಲೋಟ ಮುಗಿಸಿ ಮನೆಗೆ ಬಂದಾಗ ಚಪ್ಪರ ಎದ್ದು ನಿಂತಿತ್ತು, ಕುಂಬಳಕಾಯಿ ಹೋಳಾಗಿತ್ತು, ಜಾನಕಿ ನಗುತ್ತಿದ್ದಳು. ಆ ಜನರ ಋಣವನ್ನು ಯಾವ ಕ್ರಿಯಾಪದದಿಂದ ತೀರಿಸಲಿ?

ಮರುದಿನ ಊಟ ಮುಗಿಸಿದ ಬೀಗರು ಕೈ ಒರೆಸಿಕೊಳ್ಳುತ್ತ, “ಬಹಳ ಅಚ್ಚುಕಟ್ಟು ಭಾವ! ಎಲ್ಲ ನಿಮ್ಮದೇ ಏರ್ಪಾಡಾ?” ಎಂದರು.

ಸೀತಮ್ಮ ಕೆಮ್ಮಿದಳು.

“ಊರವರದ್ದು” ಎಂದೆ.

“ಮತ್ತೆ ನಿಮ್ಮದು?”

“ತಡ ಮಾಡಿಸಿದ್ದು!”