ದುಬಲಗುಂಡಿಯ ಶೂನ್ಯ ಮಳೆ ವರದಿಯ ಕುರಿತು

ಓದುಗರಲ್ಲಿ ಸವಿನಯವಾಗಿ ನಿವೇದಿಸಿಕೊಳ್ಳುವುದೇನೆಂದರೆ, ಕಣ್ಣಿಗೆ ಕಾಣದವರಿಂದ ಕೆಲಸ ಮಾಡಿಸುವುದು ಕಣ್ಣೆದುರು ಇರುವವರಿಂದ ಮಾಡಿಸುವುದಕ್ಕಿಂತ ಕಠಿಣವಾದುದು. ಕಣ್ಣೆದುರಿನವರು ಕೆಲಸ ಮಾಡುತ್ತಿಲ್ಲವೆಂಬುದಾದರೂ ನಮಗೆ ಖಚಿತವಾಗಿ ತಿಳಿದಿರುತ್ತದೆ. ಈಚೆಗೆ ಕಚೇರಿಗೆ ಬಾರದೆ ಮನೆಯಲ್ಲಿಯೇ ಕಂಪ್ಯೂಟರ್ ಇಟ್ಟುಕೊಂಡು ದುಡಿಯುವ ಪದ್ಧತಿ ಪ್ರಾರಂಭವಾಗಿದೆಯೆಂದೂ, ಅಂಥವರ ಉತ್ಸಾಹ ಕುಂದದಂತೆ ನೋಡಿಕೊಳ್ಳುವುದು ದೊಡ್ಡ ವಿದ್ಯೆಯೆಂದೂ ಪತ್ರಿಕೆಯಲ್ಲಿ ಓದಿದೆ. ಸದರಿ ವಿದ್ಯೆಯಲ್ಲಿ ನನಗೆ ತೊಂಬತ್ತರ ದಶಕದಲ್ಲಿಯೇ ಅಲ್ಪ ಅನುಭವ ಒದಗಿದ್ದರಿಂದ ಈ ಬರಹವನ್ನು ಸಲ್ಲಿಸಲು ಧೈರ್ಯ ಮಾಡಿದ್ದೇನೆ. ತಪ್ಪಿದ್ದಲ್ಲಿ ಮನ್ನಿಸಬೇಕು.

ಆಗ ನಾನು ಬಸವಕಲ್ಯಾಣದ ಮನೆಯಿಂದ ದಿನಾಲು ಮೊದಲ ಬಸ್ಸು ಹಿಡಿದು ಹುಮನಾಬಾದಿನ ಕಚೇರಿಯೊಂದಕ್ಕೆ ಹೋಗುತ್ತಿದ್ದ ಗುಮಾಸ್ತ. ಹಳ್ಳಿಖೇಡ, ಬೇಮಳಖೇಡ, ದುಬಲಗುಂಡಿ ಈ ಮೂರು ಊರುಗಳಲ್ಲಿ ಮಳೆ ಅಳೆಯುವ ಡಬ್ಬಿಗಳಿದ್ದವು. ಹಿಂದಿನ ದಿನ ಬಿದ್ದ ನೀರನ್ನು ಗೆರೆಗಳಿರುವ ಗಾಜಿನ ಗ್ಲಾಸಿಗೆ ಸುರಿದು, ಎಷ್ಟು ಮಿಲಿಮೀಟರ್ ಎಂಬುದನ್ನು ಊರಿಗೊಬ್ಬರಂತೆ ಅಲ್ಲಿಯವರು ಬೆಳಿಗ್ಗೆ ಎಂಟೂವರೆಗೆ ನನಗೆ ಫೋನಿನಲ್ಲಿ ತಿಳಿಸಬೇಕು. ನಾನು ರಿಜಿಸ್ಟರಿನಲ್ಲಿ ದಾಖಲಿಸಬೇಕು. ಆ ಮೂವರನ್ನು ನಾನು ಕಂಡಿರಲಿಲ್ಲ. ಗ್ಲಾಸನ್ನೂ ಕಂಡಿರಲಿಲ್ಲ. ಆದಾಗ್ಯೂ ನಾನು ಅವರ ಮೇಲ್ವಿಚಾರಕನಾಗಿದ್ದೆ.

ದುಬಲಗುಂಡಿಯವರು ಶರಣಪ್ಪ. ಶಾಲೆಯ ಎದುರು ಕಿರಾಣಿ ಅಂಗಡಿ ಇಟ್ಟಿದ್ದರು. ಆ ವರ್ಷ ಜೂನ್ ಕಳೆದು ಜುಲೈ ಬಂದರೂ ಮಳೆಯ ಸುಳಿವಿರಲಿಲ್ಲ. ಉಳಿದಿಬ್ಬರು "ಇಲ್ರಿ" ಎಂದು ಫೋನ್ ಇಡುತ್ತಿದ್ದರು. ಶರಣಪ್ಪನವರಿಗೆ ಬರಿಯ ಶೂನ್ಯ ಕೊಡಲು ಸಂಕೋಚ.

"ನಮಸ್ಕಾರ್ರಿ ಸಾಹೇಬ್ರ. ಮಳಿ ಇಲ್ರಿ. ಆದ್ರ ಮೋಡ ಭಾಳ ಆಗ್ಯದ್ರಿ."

"ಮೋಡಕ್ಕ ಕಾಲಂ ಇಲ್ರಿ ಶರಣಪ್ಪನವರ."

"ಗುಡುಗೂ ಆಗ್ಯದ್ರಿ."

"ಗುಡುಗಿಗೂ ಇಲ್ರಿ."

ಒಂದು ದಿನ ಅವರ ದನಿ ಕುಗ್ಗಿತ್ತು. "ಮಂದಿ ನಗಾಕತ್ತಾರ್ರಿ. ದಿನಾ ಮುಂಜಾನಿ ಖಾಲಿ ಡಬ್ಬ್ಯಾಗ ಇಣುಕತಾನ, ಏನ್ ಕಳಕೊಂಡಾನೋ ಅಂತಾರ. ಸಾಕಾಗ್ಯದ್ರಿ. ಒಮ್ಮಿ ಮಳಿ ಬರಲಿ, ಅಳದು, ಗ್ಲಾಸು ತಂದು ನಿಮ್ಮ ಟೇಬಲ್ ಮ್ಯಾಲ ಇಟ್ಟು ಹೋಗತೀನಿ."

ನಾನು ಗಾಬರಿಯಾದೆ. ಆ ಊರಿನಲ್ಲಿ ಈ ಕೆಲಸಕ್ಕೆ ಒಪ್ಪುವವರು ಬೇರೆ ಯಾರೂ ಇರಲಿಲ್ಲ. ಶೂನ್ಯವೆಂದು ಬರೆದರೆ ಮೇಲಿನವರಿಗೆ ಉತ್ತರ ಕೊಡಬಹುದು; ಜಾಗ ಖಾಲಿ ಬಿಟ್ಟರೆ ಕೊಡಲಾಗದು. ಇನ್ನೂ ನಿಜ ಹೇಳಬೇಕೆಂದರೆ, ಇಡೀ ದಿನದಲ್ಲಿ ನನಗೆ ನಮಸ್ಕಾರ ಹೇಳುತ್ತಿದ್ದವರು ಅವರೊಬ್ಬರೇ.

ಕೂಡಲೇ ಮೆಚ್ಚುಗೆ ಪತ್ರವೊಂದನ್ನು ಸಿದ್ಧಪಡಿಸಿ, ದುಂಡನೆಯ ಮೊಹರು ಒತ್ತಿಸಿ ಕಳುಹಿಸಿದೆ. "ತಾವು ಸಲ್ಲಿಸುತ್ತಿರುವ ಶೂನ್ಯವು ತೃಪ್ತಿಕರವಾಗಿದ್ದು, ಇದೇ ರೀತಿ ಮುಂದುವರಿಸತಕ್ಕದ್ದು" ಎಂದು ಬರೆದಿದ್ದೆ. ಮೂರನೆಯ ದಿನ ಫೋನ್ ಬಂತು.

"ಕಾಗದ ಮುಟ್ಟ್ಯದ್ರಿ. ಅಂಗಡ್ಯಾಗ ಎಲ್ಲಾರ ಮುಂದ ಓದಿಸಿದೆ. ಮಳಿ ಬರಬಾರದಂತ ಸರ್ಕಾರದ ಆರ್ಡರ್ ಆಗ್ಯದ ಅಂತ ಊರ ತುಂಬ ಸುದ್ದಿ ಹಬ್ಬ್ಯದ್ರಿ. ಕಟ್ಟಿ ಮ್ಯಾಲ ಕುಂತವ್ರು ನನ್ನ ಬೈಯಾಕತ್ತಾರ."

ರಿಜಿಸ್ಟರಿನ ಕೊನೆಯಲ್ಲಿ ಷರಾ ಬರೆಯುವ ಕಾಲಂ ಒಂದಿತ್ತು. ಅದರಲ್ಲಿ ಯಾರೂ ಏನನ್ನೂ ಬರೆದಿರಲಿಲ್ಲ. ಲೇಖನಿಯ ಟೊಪ್ಪಿಗೆ ತೆಗೆದು, "ಇವತ್ತಿನ ಮೋಡ ಹ್ಯಾಂಗದ, ಹೇಳ್ರಿ. ಬರಕೋತೀನಿ" ಎಂದೆ.

"ಖರೇನ ಬರಕೋತೀರೇನ್ರಿ? ಹಂಗಾದ್ರ ಬರ್ರಿ. ಪಡುವಣದಾಗ ಅದ. ಎಮ್ಮಿ ಬಣ್ಣದ್ದು."

ಅಂದಿನಿಂದ ದುಬಲಗುಂಡಿಯ ಮೋಡಗಳು ಕ್ರಮವಾಗಿ ದಾಖಲಾಗತೊಡಗಿದವು. ಶರಣಪ್ಪನವರ ದನಿಯೂ ಸುಧಾರಿಸಿತು. ಆದರೆ ಗ್ಲಾಸು ಹಿಂದಿರುಗಿಸುವ ಮಾತನ್ನು ಮಾತ್ರ ಅವರು ವಾಪಸು ಪಡೆಯಲಿಲ್ಲ.

ಕೊನೆಗೊಂದು ಬೆಳಿಗ್ಗೆ ಫೋನ್ ಬರಲಿಲ್ಲ. ರಾತ್ರಿಯ ಮಳೆಗೆ ಲೈನು ಕೆಟ್ಟಿತ್ತು. ಹನ್ನೊಂದರ ಸುಮಾರಿಗೆ ಧೋತರವುಟ್ಟ ಒಬ್ಬರು, ಟವೆಲಿನಲ್ಲಿ ಸುತ್ತಿದ್ದ ಏನನ್ನೋ ಎದೆಗವಚಿಕೊಂಡು ಒಳಬಂದರು. "ನಮಸ್ಕಾರ್ರಿ ಸಾಹೇಬ್ರ" ಎಂದ ಕೂಡಲೇ ಗುರುತು ಸಿಕ್ಕಿತು. ಟವೆಲು ಬಿಚ್ಚಿ, ಬಾಯಿಗೆ ಪ್ಲಾಸ್ಟಿಕ್ ಕಟ್ಟಿದ್ದ ನೀರು ತುಂಬಿದ ಗ್ಲಾಸನ್ನು ನನ್ನ ಟೇಬಲ್ ಮೇಲೆ ಇಟ್ಟೇಬಿಟ್ಟರು. ನಾನು ದಡಬಡಿಸಿ ಎದ್ದು ನಿಂತೆ.

"ಇಷ್ಟು ದಿನ ನನ್ನ ಬಾಯಿಮಾತ ಬರಕೊಂಡ್ರಿ. ಬಸ್ಸಿನಾಗ ಒಂದು ಹನಿ ಚೆಲ್ಲಿಲ್ಲ. ಇವತ್ತ ನೀವ ಓದ್ರಿ."

ನಿಂತಲ್ಲಿಂದಲೇ ನೋಡಿ, ಅಧಿಕಾರಯುತವಾಗಿ "ಹದಿನಾರು" ಎಂದೆ.

"ನಿಂತು ಓದಿದ್ರ ಹ್ಯಾಂಗ್ರಿ? ಬಗ್ಗ್ರಿ. ಕಣ್ಣು ನೀರಿನ ಸಮಕ್ಕ ತರ್ರಿ."

ಮೊಣಕಾಲೂರಿ, ಗದ್ದವನ್ನು ಟೇಬಲ್ಲಿಗೆ ಆನಿಸಿದೆ. ಪಕ್ಕದ ಟೇಬಲಿನವರು ಫೈಲು ಮುಚ್ಚಿಟ್ಟು ನೋಡತೊಡಗಿದರು. "ಹದಿನೈದು?"

"ಅಂಚು ನೋಡಬ್ಯಾಡ್ರಿ, ನಡುವಿನ ತಗ್ಗು ನೋಡ್ರಿ."

"ಹನ್ನೆರಡು."

"ಹದಿನಾಲ್ಕ್ರಿ, ಸಾಹೇಬ್ರ!"

ಶರಣಪ್ಪನವರು ನನ್ನನ್ನು ಕರುಣೆಯಿಂದ ನೋಡಿದರು. ನೀರನ್ನು ಕಿಟಕಿಯಾಚೆ ಚೆಲ್ಲಿ, ಗ್ಲಾಸು ಒರೆಸಿ, ಮತ್ತೆ ಟವೆಲಿನಲ್ಲಿ ಸುತ್ತತೊಡಗಿದರು. "ಇದನ್ನ ನಿಮ್ಮ ಕೈಯಾಗ ಬಿಟ್ರ ನಮ್ಮೂರಾಗ ಹೊಳಿ ಬಂದದಂತ ಬರೀತೀರಿ. ಬ್ಯಾಡ್ರಿ, ನಾನ ಇಟಗೋತೀನಿ. ಲೈನ್ ಸುದ್ದ ಆದಕೂಡ್ಲೆ ಫೋನ್ ಮಾಡತೀನಿ" ಎಂದು ಹೊರಟರು. ನಾನಿನ್ನೂ ಮೊಣಕಾಲ ಮೇಲೆಯೇ ಇದ್ದೆ.

ದೂರದಲ್ಲಿ ಕೆಲಸ ಮಾಡುವವರನ್ನು ಹುರಿದುಂಬಿಸುವ ಬಗೆಯನ್ನು ಯಾರಾದರೂ ವಿಚಾರಿಸಿದಲ್ಲಿ, ಅವರ ಕೆಲಸ ನಮಗೆ ಬಾರದೆಂಬುದು ಒಮ್ಮೆ ಅವರ ಕಣ್ಣಿಗೆ ಬಿದ್ದರೆ ಸಾಕೆಂದು ನಾನು ಶಿಫಾರಸು ಮಾಡಬಲ್ಲೆ. ನನ್ನ ಮಟ್ಟಿಗೆ ಇದಕ್ಕೆ ಯಾವ ಪೂರ್ವಸಿದ್ಧತೆಯೂ ಬೇಕಾಗಲಿಲ್ಲ.