ವಜ್ರನಾಥನ ನಗು

ವಜ್ರನಾಥ ತೀರಿಕೊಂಡ ಸುದ್ದಿ ಕಾಶಿಯ ಕನ್ನಡ ಮಠಕ್ಕೆ ತಲುಪಿದ್ದು ಒಂದು ಸೋಮವಾರ ಬೆಳಿಗ್ಗೆ, ಪ್ರಭುಲಿಂಗಯ್ಯನವರು ಉಪ್ಪಿಟ್ಟಿಗೆ ನಿಂಬೆಹಣ್ಣು ಹಿಂಡುತ್ತಿದ್ದ ಹೊತ್ತಿನಲ್ಲಿ.

ಮಠದ ಯಾತ್ರಿಕರ ಕೋಣೆಗಳ ಉಸ್ತುವಾರಿ ಅವರದು. ಆ ದಿನ ಅವರ ಮನಸ್ಸು ಪ್ರಸನ್ನವಾಗಿತ್ತು. ಎದುರು ಮನೆಯ ಮಾಳಿಗೆ ಒಂದು ತಿಂಗಳಿಂದ ಮೌನವಾಗಿತ್ತಲ್ಲ! ಆ ಮನೆಯ ಮುದುಕ ರಾಮ್‌ಸೂರತ್ ಗುರು ಒಂದು ಕಾಲದಲ್ಲಿ ಗಲ್ಲಿಯ ರಾಮಲೀಲೆಗೆ ರಾವಣ. ವೇಷ ಬಿಟ್ಟು ಎಷ್ಟೋ ವರ್ಷವಾಗಿದ್ದರೂ ಈಚಿನ ಎರಡು ವರ್ಷ ದಿನಾ ಬೆಳಗಿನ ಜಾವ ಮಾಳಿಗೆ ಹತ್ತಿ ಅಟ್ಟಹಾಸ ಮಾಡುತ್ತಿದ್ದರು. ಆ ನಗುವಿಗೆ ಪೂಜೆಯ ಬಿಲ್ವಪತ್ರೆಯೇ ಲಿಂಗದ ಮೇಲಿಂದ ಜಾರಿದಂತಾಗುತ್ತಿತ್ತು. "ಗುರು, ನಿಮ್ಮ ನಗುವಿಗೆ ನನ್ನ ಶಿವ ಬೆಚ್ಚಿಬೀಳ್ತಾನೆ" ಎಂದು ಪ್ರಭುಲಿಂಗಯ್ಯ ಹರಕು ಹಿಂದಿಯಲ್ಲಿ ಜಗಳವನ್ನೂ ಆಡಿದ್ದರು. ಈಗ ಗುರು ಸಾರನಾಥದ ಮಗಳ ಮನೆಗೆ ಹೋಗಿದ್ದರು. ಶಿವನು ಮೊರೆ ಕೇಳಿದನೆಂದು ಪ್ರಭುಲಿಂಗಯ್ಯ ದಿನಕ್ಕೊಂದು ಹೂವು ಹೆಚ್ಚಿಗೆ ಏರಿಸುತ್ತಿದ್ದರು.

ಆಗ ತಮ್ಮನ ಮಗಳು ವಚನಾ ಮೆಟ್ಟಿಲಿಳಿದು ಬಂದಳು. ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುವ ಹುಡುಗಿ. ಅತ್ತು ಅತ್ತು ಕಣ್ಣು ದಾಸವಾಳದಂತೆ ಕೆಂಪಾಗಿತ್ತು.

"ದೊಡ್ಡಪ್ಪಾ, ವಜ್ರನಾಥ ಹೋಗ್ಬಿಟ್ರು. ಈಗ್ತಾನೆ ಖಬರ್ ಬಂತು. ಅವರು ಯಾರು ಅಂತ ಗೊತ್ತಾದ್ರೆ ನೀವು..."

"ಗೊತ್ತಮ್ಮಾ, ಗೊತ್ತಿಲ್ದೆ ಏನು? ನೀನು ಮೊದ್ಲು ಹೊರಡು. ಇಂಥಾ ಹೊತ್ನಲ್ಲಿ ಹತ್ರ ಇರ್ಬೇಕು."

ಅವಳು ಕಣ್ಣೊರೆಸಿಕೊಂಡು ಆಟೋ ಹತ್ತಿದಳು.

ಪ್ರಭುಲಿಂಗಯ್ಯನವರಿಗೆ ನಿಜಕ್ಕೂ ಗೊತ್ತಿತ್ತು. ವರ್ಷದಿಂದ ಊಟಕ್ಕೆ ಕೂತಾಗಲೆಲ್ಲ ಅವಳು ಆ ವಜ್ರನಾಥನ ಮಾತನ್ನೇ ಆಡುತ್ತಿದ್ದಳು. "ಏಳು ಪೀಠಾನೂ ತನಗೇ ಬೇಕು ಅಂತಾನೆ ದೊಡ್ಡಪ್ಪ. ಬೇರೆಯವರ ವಿದ್ಯೆ ಕದ್ದು ತಂದು ತನ್ನದು ಅಂತಾನೆ. ಎದುರು ನಿಂತೋರ್ನ ಕಲ್ಲು ಮಾಡಿ ಕೂರಿಸ್ತಾನೆ. ಇವತ್ತೂ ನಾನೇ ಸೋತೆ." ಇವನು ಅವಳ ವಿಭಾಗದ ಮುಖ್ಯಸ್ಥನೇ ಎಂದು ಅವರು ಅಂದೇ ತೀರ್ಮಾನಿಸಿದ್ದರು. ಕಾಲೇಜಿನ ಒಳಗು ಕಂಡವರು ಯಾರಾದರೂ ಹಾಗೆಯೇ ತೀರ್ಮಾನಿಸುತ್ತಿದ್ದರು.

ಪಕ್ಕದ ಮನೆಯ ದಾಕ್ಷಾಯಣಮ್ಮ ಕಿಟಕಿಯಿಂದಲೇ ಕೇಳಿದರು. "ಯಾರ್ರೀ ಹೋದೋರು?"

"ವಜ್ರನಾಥ ಅಂತ, ದೊಡ್ಡ ವಿದ್ವಾಂಸರು. ಎದುರು ನಿಂತೋರ್ನ ಕಲ್ಲು ಮಾಡಿ ಕೂರಿಸ್ತಿದ್ರಂತೆ. ಏಳು ಪೀಠ ಅವರ ಕೈಲಿತ್ತು."

"ಏಳು ಪೀಠ! ನಮ್ಮ ಮಠದ ಬುದ್ಧಿಯೋರಿಗೆ ಒಂದೇ ಪೀಠ!"

ಅಷ್ಟು ಸಾಕಾಯಿತು. ಸುದ್ದಿ ಗಲ್ಲಿಯ ಗೂಳಿಗಿಂತ ಜೋರಾಗಿ ಸೋನಾರ್‌ಪುರದವರೆಗೆ ಓಡಿತು. ಅರ್ಚಕ ಸೋಮಲಿಂಗಯ್ಯ ವಿಭೂತಿಯನ್ನು ಅಂಗೈಯಲ್ಲೇ ಹಿಡಿದುಕೊಂಡು ಓಡಿಬಂದರು.

"ಏನ್ರೀ, ಎದುರು ನಿಂತೋರು ಕಲ್ಲಾಗ್ತಿದ್ರಂತೆ?"

"ಹಾಗಂತ ಹುಡುಗಿ ಹೇಳ್ತಿದ್ಲು."

"ಶಿವಶಿವಾ, ಮಹಾಸಿದ್ಧರು! ಇಂಥೋರು ಇದೇ ಊರಲ್ಲಿದ್ದು ನಾವು ದರ್ಶನ ಮಾಡ್ಲಿಲ್ವಲ್ಲ!" ಸೋಮಲಿಂಗಯ್ಯ ದಿಕ್ಕು ತಿಳಿಯದೆ ನಾಲ್ಕೂ ಕಡೆಗೆ ಕೈಮುಗಿದರು.

ಮಾತು ಮಠದ ಸ್ವಾಮಿಗಳ ಕಿವಿಗೂ ಬಿತ್ತು. "ಸಂಜೆಗೆ ಶಾಂತಿಪ್ರಾರ್ಥನೆ ಆಗಲಿ. ಪ್ರಭುಲಿಂಗಯ್ಯ, ಸರಿಯಾಗಿ ವಿಚಾರಿಸಿದಿರಾ?"

ಆ ಪ್ರಶ್ನೆಗೆ ಅರ್ಥವಿತ್ತು. ಹಿಂದಿನ ಅಮಾವಾಸ್ಯೆಗೆ ಯಾತ್ರಿಕರೊಡನೆ ದಾನಿಗಳೊಬ್ಬರು ಬಂದಾಗ ಪ್ರಭುಲಿಂಗಯ್ಯ ಬಸ್ಸಿನ ಡ್ರೈವರಿಗೆ ಶಾಲು ಹೊದಿಸಿದ್ದರು. ಇನ್ನೊಮ್ಮೆ ವಿಚಾರಿಸದೆ ಏನಾದರೂ ಮಾಡಿದರೆ ಬೀಗದ ಕೈ ಇಟ್ಟು ಊರಿಗೆ ಹೊರಡತಕ್ಕದ್ದು ಎಂದು ಸ್ವಾಮಿಗಳು ಅಂದೇ ಅಪ್ಪಣೆ ಮಾಡಿದ್ದರು. ಊರಿಗೆ ಹೋಗುವುದೆಂದರೆ ಪ್ರಭುಲಿಂಗಯ್ಯನವರ ಎದೆ ಒಡೆಯುತ್ತಿತ್ತು. ಹೆಂಡತಿ ಜಗದಾಂಬ ಈ ಕಾಶಿಯಲ್ಲೇ ಕಣ್ಣು ಮುಚ್ಚಿದ್ದಳು. ತಾನೂ ಇಲ್ಲೇ ಮುಚ್ಚಬೇಕೆಂಬುದೊಂದೇ ಅವರಿಗೆ ಉಳಿದ ಆಸೆ.

"ವಿಚಾರಿಸಿದ್ದೀನಿ ಬುದ್ಧಿ" ಎಂದರು. ಹೇಳಿದ ಮೇಲೆ ವಿಚಾರಿಸಲು ಹೊರಟರು.

ಚೆಂಡುಹೂವಿನ ಹಾರವೊಂದನ್ನು ಮಡಿಲಲ್ಲಿಟ್ಟುಕೊಂಡು ಇ-ರಿಕ್ಷಾದಲ್ಲಿ ವಿಶ್ವವಿದ್ಯಾಲಯಕ್ಕೆ ಬಂದರು. ವಚನಾ ಅಲ್ಲಿರಲಿಲ್ಲ. ಅವಳ ಜೊತೆಯ ಸಂಶೋಧಕ ವಿನಾಯಕ, ಧಾರವಾಡದ ಹುಡುಗ, ಸಿಕ್ಕಿದ.

"ವಜ್ರನಾಥ ಸಾಹೇಬರ ಕೋಣೆ ಎಲ್ಲಪ್ಪಾ? ಫೋಟೋಕ್ಕೆ ಹಾರ ಹಾಕ್ಬೇಕು."

ವಿನಾಯಕ ಹಾರವನ್ನೊಮ್ಮೆ, ಅವರನ್ನೊಮ್ಮೆ ನೋಡಿ ಬಾಯಿಗೆ ಕರವಸ್ತ್ರ ತುರುಕಿಕೊಂಡ. "ಕಾಕಾ, ಬರ್ರಿ, ದರ್ಶನಾನ ಮಾಡಸ್ತೀನಿ."

ಕಂಪ್ಯೂಟರಿನ ಪರದೆ ಬೆಳಗಿತು. ಕಪ್ಪು ಬೆಟ್ಟ, ಬೆಟ್ಟದ ಮೇಲೆ ಏಳು ಸಿಂಹಾಸನ, ಏಳಕ್ಕೂ ನೆರಳು ಚಾಚಿ ನಿಂತ ಒಬ್ಬ ಜಟಾಧಾರಿ. ಅವನು ಕೈಯೆತ್ತಿದರೆ ನದಿ ಹಿಂದಕ್ಕೆ ಹರಿಯಿತು, ನಕ್ಷತ್ರಗಳು ಅವನ ಬೆರಳಿನ ಉಂಗುರಕ್ಕೆ ಬಂದು ಕೂತವು. ಪ್ರಭುಲಿಂಗಯ್ಯನವರ ಕೈಗಳು ತಾವಾಗಿ ಕೂಡಿಕೊಂಡವು.

"ಇದು ಆಟ ರೀ ಕಾಕಾ, ವಿಡಿಯೋ ಗೇಮ್. ಇಂವಾ ಮೂರು ಲೋಕದ ಆಸೆ ಹಿಡದ ಮಾಂತ್ರಿಕ. ಇಂವಗ ಎಲ್ಲಿ ಸಾವು? ಕೊಂದ್ರೂ ಆಟ ಮತ್ತ ಶುರುವಾತಂದ್ರ ಮತ್ತ ಬರ್ತಾನ. ನಗೂದು ಕೇಳಬೇಕು ನೀವು, ಮೈ ಝುಂ ಅಂತೈತಿ. ಇಲ್ಲಿ ಸೌಂಡ್ ಹಾಕಿದ್ರ ಬೈತಾರ."

ಹೊರಬರುವಾಗ ಕೈಯಲ್ಲಿದ್ದ ಹಾರವನ್ನು ಬಾಗಿಲ ಬಳಿಯ ಹಸು ತಿಂದುಹಾಕಿತು. ಪ್ರಭುಲಿಂಗಯ್ಯನವರಿಗೆ ಅದು ತಿಳಿಯಲೂ ಇಲ್ಲ.

ಮಠಕ್ಕೆ ಮರಳಿದಾಗ ಸಭಾಂಗಣ ತುಂಬಿ ಅಂಗಳಕ್ಕೆ ಚೆಲ್ಲಿತ್ತು. ದಶಾಶ್ವಮೇಧ ಘಾಟಿನ ಪುರೋಹಿತರು ಬಂದಿದ್ದರು. ಹೊಸದಾಗಿ ಬಂದ ಯಾತ್ರಿಕರು, ಇಂಥ ಸಿದ್ಧರ ಪ್ರಾರ್ಥನೆ ಸಿಕ್ಕಿದ್ದು ಪೂರ್ವಪುಣ್ಯವೆಂದು ಕಣ್ಣೀರಿಡುತ್ತಿದ್ದರು. ದಾಕ್ಷಾಯಣಮ್ಮನ ಗೋಧಿ ಹುಗ್ಗಿ ಘಮಘಮಿಸುತ್ತಿತ್ತು. ಸೋಮಲಿಂಗಯ್ಯ ಸಿದ್ಧರ ಪವಾಡಗಳನ್ನು ವರ್ಣಿಸುತ್ತಿದ್ದರು. ಬೆಳಿಗ್ಗೆ ಒಂದಿದ್ದದ್ದು ಈಗ ಹನ್ನೆರಡಾಗಿತ್ತು.

ಸುಮ್ಮನಿದ್ದರೆ ಕಾಶಿವಾಸ ಉಳಿಯುತ್ತಿತ್ತು. ಆದರೆ ಶಿವನ ಮುಂದೆ ಮಾಂತ್ರಿಕನಿಗೆ ದೀಪ ಹಚ್ಚುವುದುಂಟೆ? ಪ್ರಭುಲಿಂಗಯ್ಯ ಸ್ವಾಮಿಗಳ ಪಾದಕ್ಕೆ ಬಿದ್ದು, ಎಲ್ಲರಿಗೂ ಕೇಳುವಂತೆ ನಿಜ ಹೇಳಿಬಿಟ್ಟರು.

"ಆಟದ ರಾಕ್ಷಸನಿಗಾ ನಾನು ಹುಗ್ಗಿ ಮಾಡಿದ್ದು?" ದಾಕ್ಷಾಯಣಮ್ಮ ಪಾತ್ರೆ ಎತ್ತಿಕೊಂಡು ಹೊರಟರು. ಹುಗ್ಗಿಯ ಹಿಂದೆ ಜನ ಹೊರಟರು. ಪುರೋಹಿತರು ಬೈಯುತ್ತ ಹೋದರು, ಯಾತ್ರಿಕರು ನಗುತ್ತ ಹೋದರು. ಸ್ವಾಮಿಗಳು ಅಂಗೈ ಚಾಚಿದರು. ಪ್ರಭುಲಿಂಗಯ್ಯ ಸೊಂಟದಿಂದ ಬೀಗದ ಕೈಗೊಂಚಲು ಬಿಚ್ಚಿ ಅದರಲ್ಲಿಟ್ಟರು.

ಆಗ ವಚನಾ ಒಳಗೆ ಬಂದಳು. ಜೊತೆಗೆ ಸೆರಗು ಮುಖದ ಮೇಲೆಳೆದುಕೊಂಡ ಒಬ್ಬ ಹೆಂಗಸು.

"ಎಲ್ರೂ ಯಾಕೆ ಹೊರಟ್ಹೋದ್ರು ದೊಡ್ಡಪ್ಪ? ಮಠದಲ್ಲಿ ಪ್ರಾರ್ಥನೆ ಇದೆ ಅಂತ ಕೇಳಿ ಇವರಿಗೆ ಎಷ್ಟು ಸಮಾಧಾನ ಆಗಿತ್ತು. ಅಪ್ಪನ್ನ ಸಂಸ್ಕಾರಕ್ಕೆ ಘಾಟಿಗೆ ಕಳಿಸಿ ನೇರ ಬಂದ್ರು."

"ಯಾರ ಅಪ್ಪ?"

ವಚನಾ ಫೋನಿನಲ್ಲಿ ಏನೋ ಒತ್ತಿದಳು. ಬರಿದಾದ ಸಭಾಂಗಣದಲ್ಲಿ ಒಂದು ದನಿ ಎದ್ದಿತು: "ತೀನೋಂ ಲೋಕ್ ಮೇರೇ ಹೈಂ!" ಅದರ ಹಿಂದೆಯೇ ಒಂದು ಅಟ್ಟಹಾಸ. ಗೋಪುರದ ಪಾರಿವಾಳಗಳೆಲ್ಲ ಒಮ್ಮೆಲೇ ಎದ್ದು ಹಾರಿದವು. ಲಿಂಗದ ಮೇಲಿಂದ ಒಂದು ಬಿಲ್ವಪತ್ರೆ ಜಾರಿತು.

ಪ್ರಭುಲಿಂಗಯ್ಯ ಎದುರು ಮಾಳಿಗೆಯನ್ನು ನೋಡಿದರು.

"ವಜ್ರನಾಥನಿಗೆ ಧ್ವನಿ ಕೊಟ್ಟಿದ್ದು ನಮ್ಮ ರಾಮ್‌ಸೂರತ್ ಗುರುಗಳೇ. ಆಟದ ಕಂಪನಿಯವರು ಇವತ್ತು ಫೋಟೋ ಹಾಕಿದ ಮೇಲೇ ನನಗೂ ತಿಳೀತು. ಬೆಳಿಗ್ಗೆ ಹೇಳೋಕೆ ಬಂದೆ, ನೀವು ಗೊತ್ತು ಅಂದ್ರಿ."

ಗುರುವಿನ ಮಗಳು ಹಿಂದಿಯಲ್ಲಿ ಮೆಲ್ಲನೆ ಹೇಳಿದಳು: "ಅಪ್ಪ ಕೊನೆಯವರೆಗೂ ಹೇಳುತ್ತಿದ್ದರು, ಮಠದ ಶಿವ ಬೆಚ್ಚಿದನೆಂದರೆ ನನ್ನ ನಗು ಪಳಗಿತು ಎಂದು."

ಸ್ವಾಮಿಗಳು ಕೈಗೊಂಚಲನ್ನು ಪಕ್ಕಕ್ಕಿಟ್ಟರು. "ವಿಚಾರಿಸದೆ ಜನರನ್ನು ಕೂಡಿಸಿದಿರಿ, ವಿಚಾರಿಸದೆ ಕಳಿಸಿದಿರಿ. ನಾಳೆ ಊರಿಗೆ ಹೊರಡಿ, ಪ್ರಭುಲಿಂಗಯ್ಯ. ಈಗ ದೀಪ ಹಚ್ಚಿ."

ಪ್ರಭುಲಿಂಗಯ್ಯ ದೀಪ ಹಚ್ಚಿದರು. ಜಾರಿದ ಪತ್ರೆಯನ್ನು ಎತ್ತಿ ಮತ್ತೆ ಲಿಂಗಕ್ಕೇರಿಸಿ ಕೈಮುಗಿದರು.

"ವಿಶ್ವನಾಥಾ, ಮೂರು ಲೋಕವೂ ನನ್ನದೆಂದು ದಿನಾ ನಿನ್ನೆದುರು ನಕ್ಕವನು ಬರುತ್ತಿದ್ದಾನೆ. ಅವನಿಗೆ ನಿನ್ನ ಪಾದದ ಬಳಿ ಅಂಗೈಯಗಲ ಜಾಗ ಕೊಡು. ಅವನು ನಕ್ಕರೆ ನೀನು ಬೆಚ್ಚಬೇಡ, ಜೊತೆಗೆ ನಗು. ಆ ಜೀವಕ್ಕೆ ಶಾಂತಿಯಾಗಲಿ."